ಅಧ್ಯಕ್ಷೆಗೆ ಗಂಡುದನಿ ಹಾಕಿದ ತಿಮ್ಮರಾಜು

ತಿಮ್ಮರಾಜುವಿನ ಅಂಗಡಿ ಅಂದರೆ ಒಂದು ತಗಡಿನ ಪೆಟ್ಟಿಗೆ. ನಮ್ಮೂರಿನ ಹಾಲಿನ ಡೈರಿ ಪಕ್ಕದಲ್ಲಿ, ಸರಿಯಾಗಿ ಚರಂಡಿಯ ಬಾಯಿಗೆ ಚಪ್ಪಡಿ ಹಾಸಿ ಅದನ್ನು ಕೂರಿಸಿದ್ದ. ಮೇಲೆ ‘ಮೈಕ್ ಸೆಟ್ಟು ಬಾಡಿಗೆಗೆ ಸಿಗುತ್ತದೆ’ ಅಂತ ಬೋರ್ಡು, ಕೆಳಗೆ ಊರಿನ ಬಚ್ಚಲು ನೀರು. ಆ ನೀರು ಹೋಗಲು ದಾರಿಯಿಲ್ಲದೆ ನಲ್ಲಿಕಟ್ಟೆಯ ಸುತ್ತ ಮಡುಗಟ್ಟಿ ನಿಲ್ಲುತ್ತಿತ್ತು. ಹೆಂಗಸರೆಲ್ಲ ಆ ಕೊಚ್ಚೆಯಲ್ಲಿ ನಿಂತೇ ಬಿಂದಿಗೆ ತುಂಬಬೇಕು. ನಮ್ಮ ಮನೆ ಅಂಗಡಿಯ ಎದುರಿಗೇ ಇತ್ತು. ಹಾಗಾಗಿ ತಿಮ್ಮರಾಜುವಿನ ಬಾಳನ್ನು ನಾನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು.

ಮದುವೆ, ತಿಥಿ, ನಾಮಕರಣಕ್ಕೆಲ್ಲ ಹಾಡು ಹಾಕುವವನು ಅವನೇ. ಆದರೆ ಒಂದು ಹಾಡನ್ನು ಪೂರಾ ಕೇಳುವ ಬುದ್ಧಿ ಅವನಿಗೆ ಇರಲಿಲ್ಲ. ಒಂದು ಸಾಲು ಸಿಕ್ಕರೆ ಸಾಕು. ಎರಡು ಟೇಪ್ ರೆಕಾರ್ಡರನ್ನು ವೈರಿನಲ್ಲಿ ಜೋಡಿಸಿಕೊಂಡು, ಮೂಗು ಹಿಡಿದು, ರೇಡಿಯೋದವರ ಹಾಗೆ ಒಂದು ಪ್ರಶ್ನೆ ಕೇಳುತ್ತಿದ್ದ. ಅದಕ್ಕೆ ಉತ್ತರವಾಗಿ ಯಾವುದೋ ಸಿನಿಮಾ ಹಾಡಿನ ತುಂಡು ಅಂಟಿಸುತ್ತಿದ್ದ. ತುಂಡು ಕೂಡದಿದ್ದರೆ ಕ್ಯಾಸೆಟ್ಟಿನ ರೀಲು ಎಳೆದು, ಬ್ಲೇಡಿನಲ್ಲಿ ಕತ್ತರಿಸಿ, ಅಂಟುಟೇಪು ಹಚ್ಚಿ, ಪೆನ್ಸಿಲ್ಲು ತೂರಿಸಿ ತಿರುಗಿಸುವುದು. ಕತ್ತರಿಸಿ ಉಳಿದ ರೀಲನ್ನು ಚಪ್ಪಡಿಯ ಸಂದಿಗೆ ತುರುಕುವುದು. ಒಂದೇ ಸಾಲು ನಲವತ್ತು ಸಲ ಹಿಂದಕ್ಕೂ ಮುಂದಕ್ಕೂ ಓಡುತ್ತಿತ್ತು. ನಾನು ಒಂದು ಮೊರ ರಾಗಿ ಕೇರುವಷ್ಟರಲ್ಲಿ ಒಂದು ಉತ್ತರ ತಯಾರಾಗುತ್ತಿತ್ತು.

ಮೊದಲು ಸಿಕ್ಕಿದ್ದು ಸ್ಕೂಲಿನ ಮೇಷ್ಟ್ರು. “ಮೇಷ್ಟ್ರೇ, ಪಾಠ ಮಾಡುವುದಕ್ಕೆ ಎಂದು ಬರುತ್ತೀರಿ?” ಅಂತ ಇವನ ಮೂಗಿನ ದನಿ. “ನಾಳೆ ಬರುವೆನು ನಲ್ಲೇ, ನಾಳೆ ಬರುವೆನು” ಅಂತ ಹಾಡು. ಮೇಷ್ಟ್ರು ಒಂದು ವಾರ ತಪ್ಪದೆ ಬಂದರು. ಆಮೇಲೆ ಅವರಿಗೆ ಕ್ಯಾಸೆಟ್ಟೇ ಅಭ್ಯಾಸವಾಗಿಬಿಟ್ಟಿತು. ಸಂತೆಬಾಚಹಳ್ಳಿ ಸಂತೆಯಲ್ಲೂ ಜನ ಅದನ್ನು ಹಾಕಿಸಿಕೊಂಡು ನಕ್ಕರಂತೆ. ತಿಮ್ಮರಾಜು ಗೇಲಿ ಮಾಡದೆ ಬಿಟ್ಟಿದ್ದು ಎರಡೇ ಥರದವರನ್ನು: ಒಂದು ತನ್ನನ್ನು, ಇನ್ನೊಂದು ತನಗೆ ಬೇಕಾದವರನ್ನು.

ತೊಂಬತ್ನಾಲ್ಕರ ಹೊತ್ತಿಗೆ ಅವನಿಗೆ ಬೇಕಾದವನು ಅಂದರೆ ಚಿಕ್ಕಮಾದಯ್ಯ. ಪಂಚಾಯ್ತಿ ಅಧ್ಯಕ್ಷರ ಜಾಗ ಹೆಂಗಸರಿಗೆ ಅಂತ ಬಂದಿತ್ತು. ಚಿಕ್ಕಮಾದಯ್ಯ ತನ್ನ ಹೆಂಡತಿ ಪುಟ್ಟಲಕ್ಷ್ಮಮ್ಮನನ್ನು ನಿಲ್ಲಿಸಿ ಗೆದ್ದಿದ್ದ. ಬೋರ್ಡಿನ ಮೇಲೆ ಅವಳ ಹೆಸರು, ಕುರ್ಚಿಯ ಮೇಲೆ ಇವನ ಕುಂಡೆ. ಅವಳು ಮನೆಯಲ್ಲೇ ರುಜು ಹಾಕಿಕೊಟ್ಟು ಹಸು ಕರೆಯಲು ಹೋಗುತ್ತಿದ್ದಳು.

ಒಂದು ದಿನ ಚಿಕ್ಕಮಾದಯ್ಯ ಅಂಗಡಿಗೆ ಬಂದ.

“ಲೇ ತಿಮ್ಮ, ನಮ್ಮವ್ಳು ಅಧ್ಯಕ್ಷೆ ಆಗಿ ವರ್ಸ ತುಂಬ್ತು ಕಣ್ಲಾ. ಒಂದು ಕ್ಯಾಸೆಟ್ ಮಾಡು. ಜನ ನಗ್ಬೇಕು. ಆದ್ರೆ ನಮ್ಮುನ್ನ ನೋಡಿ ನಗ್ಬಾರ್ದು.”

“ಮಾಡ್ಬುಡ್ತೀನಿ ಮಾದಣ್ಣ. ಮತ್ತೆ ನನ್ನಂಗ್ಡಿ ಕಾಗ್ದ? ಕೊಚ್ಚೆ ನಿಂತದೆ ಅಂತ ಎಂಗುಸ್ರೆಲ್ಲ ಅರ್ಜಿ ಕೊಟ್ಟವ್ರಂತೆ. ಈ ಜಾಗ ನಂದೇ ಅಂತ ಪಂಚಾಯ್ತಿ ಕಾಗ್ದ ಆಗ್ನಿಲ್ಲ ಅಂದ್ರೆ ಪೆಟ್ಗೆ ಎತ್ತಿಸ್ಬುಡ್ತಾರೆ.”

“ಕ್ಯಾಸೆಟ್ ಬರ್ಲಿ, ಅದ್ರ ಇಂದಿಂದೇ ಕಾಗ್ದ ಬತ್ತದೆ. ನನ್ ಮಾತು.”

“ಅಧ್ಯಕ್ಷರ ಉತ್ರಕ್ಕೆ ಎಂತಾ ಹಾಡು ಆಕ್ಲಿ?”

“ಸಿನಿಮಾ ಈರೋ ಹಾಡು ಆಕ್ಲಾ. ಗತ್ತು ಇರ್ಬೇಕು.”

ಅವನು ಹೋದ ಮೇಲೆ ತಿಮ್ಮರಾಜು ಕೆಲಸ ಶುರು ಮಾಡಿದ. ಎರಡು ದಿನ ಕೇಳಿ, ತಡೆಯಲಾರದೆ ಕೂಗಿ ಹೇಳಿದೆ:

“ಏ ತಿಮ್ಮ, ನೀನ್ ಕೇಳದು ಪುಟ್ಲಕ್ಷ್ಮೀನ. ಉತ್ರ ಏಳದು ಗಂಡ್ಸಾ?”

“ನೀ ಸುಮ್ಕಿರು ದೊಡ್ಡವ್ವ, ನಿಂಗೇನ್ ಗೊತ್ತಾಯ್ತದೆ. ಅಧ್ಯಕ್ಷರು ಅಂದ್ರೆ ಮಾದಣ್ಣ ತಾನೆ?”

ಮೊರ ಎತ್ತಿಕೊಂಡೆ. ಹಳ್ಳಕ್ಕೆ ಬೀಳುವವನಿಗೆ ಒಂದು ಸಲ ಹೇಳುವುದು ಧರ್ಮ. ಎರಡನೇ ಸಲ ಹೇಳಿದರೆ ನೋಡುವ ಸುಖ ಹೋಗುತ್ತದೆ.

ಮುಂದಿನ ಸೋಮವಾರ ಬೆಳಿಗ್ಗೆ, ಡೈರಿಗೆ ಹಾಲು ಹಾಕುವ ಹೊತ್ತಿಗೆ ಸರಿಯಾಗಿ ಕಂಬದ ಮೇಲಿನ ಮೈಕು ಕೂಗಿತು.

“ಅಧ್ಯಕ್ಷೆ ಶ್ರೀಮತಿ ಪುಟ್ಟಲಕ್ಷ್ಮಮ್ಮನವರೇ, ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ?”

ದಪ್ಪ ಗಂಡುದನಿ: “ಮಳೆಯಾಗಿ ಬರುವೆ, ಕಾದಿರು ಚೆಲುವೆ!”

“ಶ್ರೀಮತಿ ಪುಟ್ಟಲಕ್ಷ್ಮಮ್ಮನವರೇ, ತಾವು ದಿನವೂ ಆಫೀಸಿಗೆ ಬರುತ್ತೀರಾ?”

“ಮೀಸೆಯ ತಿರುವಿ ಬಂದೆನು ನೋಡೇ!”

ಸಾಲಿನಲ್ಲಿ ನಿಂತಿದ್ದ ಚಿಕ್ಕಬೋರಮ್ಮ ಕ್ಯಾನು ಕೆಳಗಿಟ್ಟು, “ಅಯ್, ನಮ್ ಪುಟ್ಲಕ್ಷ್ಮಿಗೆ ಮೀಸೆ ಯಾವಾಗ್ರವ್ವಾ ಬಂದ್ವು?” ಅಂದಳು. ಅಷ್ಟೇ. ನಗು ಹತ್ತಿಕೊಂಡಿತು. ಹಾಲು ಅಳೆಯುವವನಿಗೆ ಅಳತೆಯೇ ತಪ್ಪಿತು. ಅದೇ ಸಾಲಿನಲ್ಲಿ ಪುಟ್ಟಲಕ್ಷ್ಮಮ್ಮನೂ ಇದ್ದಳು. ಅವಳು ನಗಲಿಲ್ಲ.

“ಇನ್ನೊಂದ್ಸಲ ಆಕ್ಲಾ ತಿಮ್ಮ,” ಅಂದಳು.

ಹಿಗ್ಗಿಹೋದ ತಿಮ್ಮರಾಜು ಮೊದಲಿಂದ ಹಾಕಿದ. ಅವಳು ಕೊನೇವರೆಗೂ ಕೇಳಿ, ಹಾಲಿನ ಚೀಟಿ ಬರೆಸಿಕೊಂಡು ಹೋದಳು. ಚಿಕ್ಕಮಾದಯ್ಯನಿಗೂ ಸಂತೋಷ. “ಜನ ಎಂಗ್ ಬಿದ್ದೂ ಬಿದ್ದೂ ನಗ್ತಾವ್ರೆ ನೋಡ್ಲಾ! ಗ್ರಾಮಸಭೇಲಿ ನಿನ್ ಕಾಗ್ದ ಆಯ್ತು ಅಂತ್ಲೇ ತಿಳ್ಕೊ.” ಇಬ್ಬರು ಗಂಡಸರಿಗೂ ಜನ ಯಾಕೆ ನಕ್ಕರು ಅಂತ ಹೊಳೆಯಲೇ ಇಲ್ಲ.

ಗ್ರಾಮಸಭೆ ಸ್ಕೂಲಿನ ಅಂಗಳದಲ್ಲಿ. ಮೈಕು ತಿಮ್ಮರಾಜುವಿನದೇ. ತಾಲ್ಲೂಕಿನಿಂದ ಬಂದಿದ್ದ ಸಾಹೇಬರು ಅರ್ಜಿ ತೆಗೆದು ಕೇಳಿದರು: “ಅಧ್ಯಕ್ಷರೇ, ನಲ್ಲಿ ಸುತ್ತ ಕೊಚ್ಚೆ ನಿಂತಿದೆ ಅಂತ ಬರೆದಿದ್ದಾರೆ. ಏನು ಹೇಳ್ತೀರಿ?”

ಚಿಕ್ಕಮಾದಯ್ಯ ಎದ್ದು ನಿಂತು ಕೆಮ್ಮಿದ. ಹೆಂಗಸರ ಕಡೆಯಿಂದ ಚಿಕ್ಕಬೋರಮ್ಮ ಸಣ್ಣಗೆ ಎಳೆದಳು: “ಮಳೆಯಾಗಿ ಬರುವೆ...”

“ಕಾದಿರು ಚೆಲುವೆ!” ಅಂತು ಇಡೀ ಸಭೆ.

ಅವನು ಮತ್ತೆ ಬಾಯಿ ತೆರೆದ. ಮತ್ತೆ ಹಾಡು. ಏನೂ ತಿಳಿಯದ ಸಾಹೇಬರೂ ನಗುತ್ತಾ ಕರವಸ್ತ್ರ ತೆಗೆದರು. ಮೂರನೇ ಸಲಕ್ಕೆ ಚಿಕ್ಕಮಾದಯ್ಯ ಕೂತುಬಿಟ್ಟ. ಪುಟ್ಟಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದು ತಿಮ್ಮರಾಜುವಿನ ಮುಂದೆ ಕೈ ಚಾಚಿದಳು.

“ಇತ್ತಾಗ್ ಕೊಡ್ಲಾ ಮೈಕ.”

ಕೊಟ್ಟ.

“ಸಾಮಿ, ಕೊಚ್ಚೆ ನಿಂತಿರದು ಚರಂಡಿ ಬಾಯ್ ಮ್ಯಾಲೆ ಅಂಗ್ಡಿ ಕುಂತಿರದ್ಕೆ. ಪೆಟ್ಗೆ ಎತ್ಸಿ. ಬರ್ಕಳಿ, ಇಲ್ಲೇ ರುಜು ಆಕ್ತೀನಿ.”

“ಅಕ್ಕಾ!” ಅಂತ ತಿಮ್ಮರಾಜು ಬಾಯಿ ಬಡಿದುಕೊಂಡ. “ಕಾಗ್ದ ಕೊಡ್ತೀವಿ ಅಂತ ಮಾತಾಗೈತೆ ಕಣಕ್ಕ!”

“ಪೆಟ್ಗೇನ ಮಾತು ಕೊಟ್ಟೋರ ಜಗ್ಲಿ ಮ್ಯಾಲೆ ಮಡಿಕ್ಕೊ ಓಗು. ಅದೂ ನಮ್ಮನೆ ಜಗ್ಲೀನೆ. ಬರೋಕ್ ಮುಂಚೆ ನನ್ನ ಒಂದ್ ಮಾತು ಕೇಳು.”

ನಾಲ್ಕನೇ ದಿನ ಎಂಟು ಜನ ಸೇರಿ ಪೆಟ್ಟಿಗೆ ಎತ್ತಿದರು. ಚಪ್ಪಡಿ ಸರಿಸಿದರೆ ಕೆಳಗೆ ಕಪ್ಪಗೆ ಒಂದು ಗಂಟು. ಚಿಕ್ಕಬೋರಮ್ಮ ಕೋಲು ಹಾಕಿ ಎಳೆದಳು. ಬಂತು, ಬಂತು, ಬರುತ್ತಲೇ ಇತ್ತು: ತಿಮ್ಮರಾಜು ಕತ್ತರಿಸಿ ಬಿಸಾಕಿದ್ದ ಕ್ಯಾಸೆಟ್ಟಿನ ರೀಲು, ಬಚ್ಚಲು ನೀರಿನ ಕಸವನ್ನೆಲ್ಲ ಸುತ್ತಿಕೊಂಡು ಬಸಿರಿಯ ಹೊಟ್ಟೆಯ ಹಾಗೆ ಊದಿತ್ತು.

“ಇದ್ರಾಗ್ ಯಾವ್ ಹಾಡೈತ್ಲಾ ತಿಮ್ಮ?” ಅಂದಳು. ಗಂಟು ಬಂದದ್ದೇ ತಡ, ನೀರು ಗೊಳಗೊಳ ಎಂದು ಹೊರಟಿತು.

ಈಗ ಅವನ ಎರಡು ಟೇಪ್ ರೆಕಾರ್ಡರೂ ನಮ್ಮ ಜಗಲಿಯ ಮೇಲಿವೆ. ಬೇರೆ ಜಾಗ ಸಿಗುವ ತನಕ ಅಂದಿದ್ದಾನೆ. ಬಂದವರಿಗೆಲ್ಲ ಆ ಕ್ಯಾಸೆಟ್ಟು ಹಾಕಿ ಕೇಳಿಸುತ್ತಾನೆ. ಮೊನ್ನೆ ನನಗೂ ಹೇಳಿದ:

“ಆ ಗಂಡುದನಿ ನಾನ್ ಬೇಕಂತ್ಲೇ ಆಕಿದ್ದು ದೊಡ್ಡವ್ವ. ಮಾದಣ್ಣನ್ನ ಆಡ್ಕೊಳ್ಳಾನ ಅಂತ.”

“ಅಂಗಾದ್ರೆ ಅಂಗ್ಡೀನೂ ಬೇಕಂತ್ಲೇ ಕಳ್ಕಂಡ್ಯಾ ಮಗ?” ಅಂದೆ.

ಪೆನ್ಸಿಲ್ಲು ತೂರಿಸಿ ರೀಲು ತಿರುಗಿಸುತ್ತಾ ಕೂತ. ಎಷ್ಟು ಹೊತ್ತಾದರೂ ಅದಕ್ಕೆ ತಕ್ಕ ಹಾಡು ಅವನಿಗೆ ಸಿಗಲಿಲ್ಲ.