ದುಖಾನ್ ರಸ್ತೆಯಲ್ಲೊಂದು ಬ್ರಿಟಾನಿಯ ಇಗರ್ಜಿ

ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟಾನಿಯಲ್ಲಿರುವ ಒಂದು ಸಣ್ಣ ಪಟ್ಟಣದ ಇಗರ್ಜಿಯ ಚರಿತ್ರೆ ನನಗೆ ಬಾಯಿಪಾಠ. ನಮ್ಮೂರ ಇಗರ್ಜಿಯನ್ನು ಯಾರು ಕಟ್ಟಿಸಿದರೆಂದು ಮಾತ್ರ ಗೊತ್ತಿಲ್ಲ. ಇದಕ್ಕೆಲ್ಲ ಕಾರಣ, ಗಲ್ಫ್‌ನ ದುಖಾನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಫ್ರೆಂಚ್ ಇಂಜಿನಿಯರ್. ನಿವೃತ್ತಿಗೆ ಹತ್ತಿರವಾಗಿದ್ದ ಒಂಟಿ ಮನುಷ್ಯ. ಕಣ್ಣಿನ ಆಪರೇಷನ್ ಆದ ಮೇಲೆ ಕಾರು ಓಡಿಸುವುದನ್ನು ಬಿಟ್ಟಿದ್ದರು. ವಾರದ ರಜೆಯ ಶುಕ್ರವಾರ ಅಬು ಹಮೂರ್‌ನ ಇಗರ್ಜಿಯ ಪೂಜೆಗೆ ನಮ್ಮ ಜೊತೆಗೇ ಬರುತ್ತಿದ್ದರು.

ಕಾರು ಹೆದ್ದಾರಿಗೆ ಏರುವ ಮೊದಲೇ ಕಥೆ ಶುರು. ಮಧ್ಯಯುಗದಲ್ಲಿ ಮೀನುಗಾರರೂ ನೇಕಾರರೂ ಕಲ್ಲು ಹೊತ್ತು ಕಟ್ಟಿದರಂತೆ. ಸಿಡಿಲು ಬಡಿದು ಗೋಪುರ ಬಿತ್ತು. ಮತ್ತೆ ಕಟ್ಟಿದರು, ಮತ್ತೆ ಬಿತ್ತು. ಕ್ರಾಂತಿಯ ಕಾಲದಲ್ಲಿ ಸರಕಾರದವರು ಗಂಟೆಗಳನ್ನು ಕರಗಿಸಲು ಒಯ್ದು, ಒಳಗೆಲ್ಲ ಕುದುರೆಗಳ ಹುಲ್ಲು ತುಂಬಿಸಿದರು. ನಾನು ಬೇಕೆಂದೇ ಮಕ್ಕಳ ಪರೀಕ್ಷೆಯ ಸುದ್ದಿ ಎತ್ತಿದರೆ, "ಹಾಂ, ಪರೀಕ್ಷೆ! ನಮ್ಮ ಇಗರ್ಜಿಗೂ ಒಂದು ಶಾಲೆ ಇತ್ತು" ಎನ್ನುತ್ತಿದ್ದರು.

"ಇವರ ಗೋಪುರ ಇನ್ನೆಷ್ಟು ಸಲ ಬೀಳ್ಲಿಕ್ಕೆ ಉಂಟು ಮಾರಾಯ್ತಿ?" ಎಂದು ನನ್ನ ಗಂಡ ಗೊಣಗುತ್ತಿದ್ದರು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ: "ಸರ್, ಊರಿಗೆ ಹೋದಾಗ ಅಲ್ಲಿಗೂ ವಾರವಾರ ಹೋಗ್ತೀರಾ?"

"ವಾರವಾರ ಪೂಜೆ ಎಲ್ಲಿದೆ? ಪಾದ್ರಿ ಯಾವಾಗಲೋ ಒಮ್ಮೆ ಬರುತ್ತಾರೆ. ನಾಲ್ಕೈದು ಮುದುಕಿಯರು ಕೂತಿರುತ್ತಾರೆ. ಇಲ್ಲಿ ನೋಡಿ, ನಿಲ್ಲಲೂ ಜಾಗ ಇಲ್ಲ. ನಮ್ಮದೂ ಒಂದು ಕಾಲದಲ್ಲಿ ಹೀಗೇ ತುಂಬುತ್ತಿತ್ತೇನೋ ಎಂದು ನೋಡಲಿಕ್ಕೇ ಬರುತ್ತೇನೆ."

ಅಷ್ಟಕ್ಕೇ ನಿಲ್ಲಿಸಲಿಲ್ಲ. ಹುಲ್ಲು ತುಂಬುವ ಮೊದಲು ರೈತನೊಬ್ಬ ಸಂತರ ಪ್ರತಿಮೆಯನ್ನು ತನ್ನ ಮನೆಯ ರೊಟ್ಟಿ ಒಲೆಯೊಳಗೆ ಅಡಗಿಸಿಟ್ಟ ಕಥೆ ಅಬು ಹಮೂರ್ ತಲುಪುವವರೆಗೂ ನಡೆಯಿತು.

ನಿವೃತ್ತರಾಗಿ ಊರಿಗೆ ಹೋದರು. ಇನ್ನಾದರೂ ಆರಾಮವಾಗಿ ಪ್ರಯಾಣ ಮಾಡಬಹುದು ಎಂದುಕೊಂಡೆವು. ಮೊದಲ ಶುಕ್ರವಾರವೇ ದಾರಿಯಲ್ಲಿ ವಿಡಿಯೋ ಕಾಲ್! ಮಳೆಯಲ್ಲಿ ನೆನೆಯುತ್ತಾ ಇಗರ್ಜಿಯ ಮುಂದೆ ನಿಂತಿದ್ದರು. ಚಾವಣಿ ಕುಸಿಯುವ ಭಯಕ್ಕೆ ಬಾಗಿಲಿಗೆ ಬೀಗ ಹಾಕಿದ್ದರಂತೆ. ಬೀಗದ ಕಿಂಡಿಗೆ ಮೊಬೈಲ್ ಹಿಡಿದು, "ಕಾಣುತ್ತಿದೆಯಾ? ಎಡಗಡೆ ನಮ್ಮ ಸಂತರು" ಎಂದರು.

"ಕಾಣ್ತದೆ ಅಂತ ಹೇಳಿ ಖಲಾಸ್ ಮಾಡು," ಗಂಡ ಪಿಸುಗುಟ್ಟಿದರು.

ಸುಳ್ಳು ಬಾಯಿಗೆ ಬರಲಿಲ್ಲ. "ಇಲ್ಲ ಸರ್, ಬರೀ ಕತ್ತಲೆ."

"ಹಾಗಾದರೆ ಹೇಳುತ್ತೇನೆ ಕೇಳಿ," ಎಂದು ಹೊಸ್ತಿಲಿನಿಂದ ಶುರು ಮಾಡಿದರು. ಅಬು ಹಮೂರ್‌ನಲ್ಲಿ ಕಾರು ನಿಲ್ಲಿಸಿದೆವು. ಒಳಗೆ ಮೊದಲ ಗೀತೆ ಕೇಳಿಸುತ್ತಿತ್ತು. ನಾವು ಇನ್ನೂ ಕಾರಿನಲ್ಲೇ ಕೂತು, ಸಂತರ ಮುರಿದ ಮೂಗಿನ ವಿಚಾರ ಕೇಳುತ್ತಿದ್ದೆವು.