ಕುಂಕುಮ ಹಚ್ಚಿದ ಸೀರೆ

ಗಡಿಯೂರು ಜತ್ತದ ನಮ್ಮ ಸೀರೆ ಅಂಗಡಿ ಮುಚ್ಚಿದ್ದು ಮೊಬೈಲಿನಲ್ಲಿ ಸೀರೆ ತರಿಸುವವರಿಂದ ಎಂದು ಈಗ ಎಲ್ಲರೂ ಹೇಳುತ್ತಾರೆ. ಶುದ್ಧ ಸುಳ್ಳು. ಅಲ್ಲಿ ಸೀರೆ ಬಿಚ್ಚಿ ತೋರಿಸುತ್ತಲೇ ನನ್ನ ಕೂದಲು ಬೆಳ್ಳಗಾಗಿದೆ, ನನಗೆ ಗೊತ್ತು.

ಮೊದಲು ಇದ್ದದ್ದು ಒಂದೇ ಅಂಗಡಿ. ಆಮೇಲೆ ಉಮದಿ, ಸಾಂಗಲಿ, ಸೊಲ್ಲಾಪುರ ಎಂದು ಶಾಖೆಗಳಾದವು. ಹಳೆಯ ಮಾಲೀಕರು ಮದುವೆ ಜವಳಿಗೆ ಬಂದವರನ್ನು ಗಾದಿಯ ಮೇಲೆ ಕೂರಿಸಿ ಚಹಾ ಕೊಡಿಸುತ್ತಿದ್ದರು. ಆರಿಸಿದ ಸೀರೆಯ ಅಂಚಿಗೆ ಅರಿಶಿನ ಕುಂಕುಮ ಹಚ್ಚಿ ಆ ಹೆಣ್ಣುಮಗಳ ಕೈಗೆ ಕೊಡುವುದು ನನ್ನ ಕೆಲಸ. ಕುಂಕುಮ ಬಿತ್ತೆಂದರೆ ಸೀರೆ ಅವಳದು, ಮತ್ತೆ ಕಪಾಟಿಗೆ ಇಡುವಂತಿಲ್ಲ. ಧಾರಾವಾಹಿಯಲ್ಲಿ ಅತ್ತೆಯ ಪಾತ್ರ ಮಾಡುವ ನಟಿಯೊಬ್ಬರು ಬಂದಾಗಲೂ ಹಾಗೇ ಮಾಡಿದ್ದೆ. ಆಕೆ ಗಾದಿಯ ಮೇಲೆ ಕೂತು ಅವಲಕ್ಕಿ ಚೂಡಾ ತಿಂದು, ಸೀರೆಯನ್ನು ಕಣ್ಣಿಗೊತ್ತಿಕೊಂಡು ಒಯ್ದಿದ್ದರು.

ಮಾಲೀಕರು ತೀರಿಕೊಂಡ ಮೇಲೆ ಅಂಗಡಿಗಳು ಒಂದು ಕಂಪನಿಯ ಪಾಲಾದವು. ಗಾದಿ ಎತ್ತಿಸಿದರು, ಚಹಾ ನಿಲ್ಲಿಸಿದರು. ಉಮದಿ ಶಾಖೆಗೆ ಬೀಗ ಬಿತ್ತು. ಗಿರಾಕಿಗಳೇಕೆ ಬರುತ್ತಿಲ್ಲವೆಂದು ನಮ್ಮನ್ನು ಕೇಳಿದ್ದರೆ ಹೇಳುತ್ತಿದ್ದೆವು. ಕೇಳಲಿಲ್ಲ, ಜಾಹೀರಾತಿನ ಫೋಟೋ ತೆಗೆಸಲು ಮುಂಬೈಯಿಂದ ಸಿನಿಮಾ ನಟಿಯನ್ನು ಕರೆಸಿದರು.

ಆ ಹುಡುಗಿ ಒಳ್ಳೆಯವಳೇ, ಅವಳ ಮೇಲೆ ನನಗೆ ಸಿಟ್ಟಿಲ್ಲ. ನೇರಳೆ ರೇಷ್ಮೆ ಸೀರೆ ಉಡಿಸಲು ನನ್ನನ್ನು ಕರೆದರು. ಕೈಗೆ ಬಂದ ರೂಢಿ ಬಿಡುತ್ತದೆಯೇ? ಅಂಚಿಗೆ ಕುಂಕುಮ ಹಚ್ಚಿದೆ, ಅವಳ ಹಣೆಗೂ ಇಟ್ಟೆ. ಇದು ನನಗಾ ಎಂದು ಹಿಂದಿಯಲ್ಲಿ ಕೇಳಿದಳು. ನಿಮಗೇ ಎಂದೆ. ಬಗ್ಗಿ ನನ್ನ ಕಾಲು ಮುಟ್ಟಿದಳು.

ಫೋಟೋ ಮುಗಿದದ್ದೇ ತಡ, ಕಂಪನಿಯ ಮ್ಯಾನೇಜರ್ ಬಂದು, ಸೀರೆ ವಾಪಸು ಕೊಡಿ, ಅದು ಫೋಟೋಕ್ಕೆ ಮಾತ್ರ ಎಂದರು. ಹುಡುಗಿ ನನ್ನ ಮುಖ ನೋಡಿದಳು. ಅಷ್ಟು ಜನರ ಮುಂದೆ ನನ್ನ ಮಾತನ್ನು ಸುಳ್ಳು ಮಾಡಿದರಲ್ಲ, ಆ ಉರಿ ಇನ್ನೂ ಆರಿಲ್ಲ. ಮೇಲಾಗಿ ಅಂಚು ತೊಳೆಸಿ, ಅದೇ ಸೀರೆಯನ್ನು ಹೊಸದರ ಜೊತೆ ಕಪಾಟಿಗಿಟ್ಟರು, ನಾಚಿಕೆಗೆಟ್ಟವರು!

ಕೆಲವೇ ದಿನಕ್ಕೆ ಕರಜಗಿಯಿಂದ ಒಂದು ಮನೆಯವರು ಮದುವೆ ಜವಳಿಗೆ ಬಂದರು. ಮದುಮಗಳ ಕಣ್ಣು ಆ ಸೀರೆಯ ಮೇಲೇ ಬಿತ್ತು.

"ಇದ ಭಾಳ ಚಲೋ ಐತಿ. ಕುಂಕುಮ ಹಚ್ಚಿ ಕೊಡ್ರಿ ಯಕ್ಕಾ," ಎಂದಳು ಅವಳ ತಾಯಿ.

"ಬ್ಯಾಡ್ರಿ ಯವ್ವಾ. ಇದಕ್ಕ ಬ್ಯಾರೇದವ್ರ ಹೆಸರಲೇ ಕುಂಕುಮ ಬಿದ್ದೈತಿ," ಎಂದೆ.

ಇಡೀ ಮನೆತನ ಎದ್ದು, ಜವಳಿ ಅಲ್ಲೇ ಕೊಳ್ಳುತ್ತೇವೆಂದು ವಿಜಯಪುರದ ಬಸ್ಸು ಹಿಡಿಯಿತು. ಕರಜಗಿಯ ಮಾತು ಬಿಳೂರಿಗೆ, ಸುತ್ತಲಿನ ಹಳ್ಳಿಗಳಿಗೆ ಮುಟ್ಟಲು ಎಷ್ಟು ಹೊತ್ತು? ಮದುವೆ ಜವಳಿಯವರು ನಮ್ಮ ಮೆಟ್ಟಿಲು ಹತ್ತುವುದನ್ನೇ ಬಿಟ್ಟರು. ಕಂಪನಿ ನನ್ನನ್ನು ಟವೆಲ್ಲಿನ ಕೌಂಟರಿಗೆ ತಳ್ಳಿತು.

ಈ ವರ್ಷ ಅಂಗಡಿ ಮುಚ್ಚಿದ ದಿನ ಮ್ಯಾನೇಜರ್ ನನ್ನ ಕೈಗೊಂದು ಪೊಟ್ಟಣ ಕೊಟ್ಟು, ಇಷ್ಟು ವರ್ಷ ದುಡಿದದ್ದಕ್ಕೆ ಕಂಪನಿಯ ಉಡುಗೊರೆ ಎಂದರು. ಬಿಚ್ಚಿ ನೋಡಿದರೆ ನೇರಳೆ ಸೀರೆ. ಅಂಚಿನಲ್ಲಿ ಮಸುಕು ಕಲೆ ಹಾಗೇ ಇತ್ತು. ಅವರೊಡನೆ ಯಾವಾಗಲೂ ಮರಾಠಿ ಮಾತಾಡುವ ನನಗೆ ಆ ಸಿಟ್ಟಿನಲ್ಲಿ ಕನ್ನಡವೇ ಬಂತು.

"ಇದು ಆ ಹುಡಿಗಿದ್ರಿ ಸಾಹೇಬ್ರ. ನಾ ಮಾತು ಕೊಟ್ಟೀನಿ. ಆಕಿಗೆ ಮುಟ್ಟಸ್ರಿ."

ಅವಳ ವಿಳಾಸ ಯಾರಿಗೆ ಗೊತ್ತು ಎಂದು ನಕ್ಕರು. ಗೋಡೆಯ ಫೋಟೋದಲ್ಲಿ ಅವಳಿನ್ನೂ ಆ ಸೀರೆಯನ್ನು ಉಟ್ಟೇ ಇದ್ದಳು. ನಾನು ಸೀರೆ ಮಡಿಚಿ ಅವರ ಮೇಜಿನ ಮೇಲಿಟ್ಟು, ಬರಿಗೈಯಲ್ಲಿ ಮನೆಗೆ ಬಂದೆ.