ಆಂಟಿಯ ಹೆಬ್ಬೆರಳು ನಿಂತ ಜಾಗ

ಜೆರಾಕ್ಸ್ ಆಂಟಿಯ ಬಲಗೈ ಹೆಬ್ಬೆರಳು ಯಾವಾಗಲೂ ಕಪ್ಪು. ಮಷೀನಿನ ಪುಡಿ ಉಗುರಿನ ಸಂದಿಯಲ್ಲೇ ಮನೆ ಮಾಡಿತ್ತು. ಹಬ್ಬಕ್ಕೆ ಮೆಹಂದಿ ಹಾಕಿಸಿಕೊಂಡರೂ ಆ ಬೆರಳು ಮಾತ್ರ ಕಪ್ಪಾಗಿಯೇ ಉಳಿಯುತ್ತಿತ್ತು. ಸೋಲದೇವನಹಳ್ಳಿಯಲ್ಲಿ ನಮ್ಮ ಕಾಲೇಜಿನ ಗೇಟಿನೆದುರೇ ಅವರ ಅಂಗಡಿ. ನನ್ನ ಅಸೈನ್‌ಮೆಂಟುಗಳ ಮೂಲೆಯಲ್ಲೆಲ್ಲ ಆ ಹೆಬ್ಬೆಟ್ಟಿನ ಗುರುತಿದೆ.

ನಕಲನ್ನು ಒರಿಜಿನಲ್ ಪಕ್ಕ ಇಟ್ಟು, ಮೇಲಿನಿಂದ ಕೆಳಗೆ ಹೆಬ್ಬೆರಳು ಓಡಿಸಿ ನೋಡದೆ ಅವರು ಯಾರಿಗೂ ಕೊಟ್ಟವರಲ್ಲ. ಅವಸರ ಮಾಡಿದರೆ ಮುಗೀತು. "ಅಂಗೆಲ್ಲ ಕುಣೀಬ್ಯಾಡ, ಕೂತ್ಕೋ," ಅಂತ ಸ್ಟೂಲು ತೋರಿಸಿ ಇನ್ನೂ ನಿಧಾನ ಮಾಡುತ್ತಿದ್ದರು. ಮನಸ್ಸಿನಲ್ಲೇ ಎಷ್ಟು ಸಲ ಬೈದುಕೊಂಡಿದ್ದೇನೋ!

ಕೊನೆಯ ವರ್ಷ ಒಂದು ಮಧ್ಯಾಹ್ನ ನನ್ನ ಬ್ಯಾಂಕಿನ ಹೆಸರಿನಲ್ಲಿ ಇಮೇಲ್ ಬಂತು: ಸಂಜೆ ಐದರೊಳಗೆ ಲಿಂಕ್ ಒತ್ತಿ ಪಾಸ್‌ವರ್ಡ್, ಪಾನ್ ಕಾರ್ಡಿನ ಪ್ರತಿ ಕೊಡದಿದ್ದರೆ ಖಾತೆ ಬಂದ್. ಅಮ್ಮ ಚೀಟಿ ಎತ್ತಿ ಹಾಕಿದ್ದ ಫೀಸಿನ ಹಣವೆಲ್ಲ ಅದರಲ್ಲೇ ಇತ್ತು. ಕಾರ್ಡ್ ಸ್ಕ್ಯಾನ್ ಮಾಡಿಸಲು ಓಡಿದೆ.

"ಆಂಟಿ, ಬೇಗ! ಐದು ಗಂಟೆಗೆ ಅಕೌಂಟ್ ಕ್ಲೋಸ್ ಆಗುತ್ತೆ!"

"ಬ್ಯಾಂಕ್‌ನೋರು ಯಾವತ್ತೇ ನಿನಗೋಸ್ಕರ ಇಷ್ಟು ಅವಸರ ಮಾಡಿದ್ದು? ಕೂತ್ಕೋ. ಮುಂಚೆ ಅವ್ರು ಕಳಿಸಿರೋ ಮೇಲ್ ಒಂದು ಇದ್ರೆ ಕೊಡು."

ಎರಡನ್ನೂ ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟರು. ಅದೇ ಲಾಂಛನ, ಅದೇ ಬಣ್ಣ. ಹೆಬ್ಬೆರಳು ಕಳಿಸಿದವರ ವಿಳಾಸದ ಮೇಲೆ ನಿಂತಿತು. ಹಳೆಯದರಲ್ಲಿ ಬ್ಯಾಂಕಿನ ವಿಳಾಸ. ಹೊಸದರಲ್ಲಿ ಬ್ಯಾಂಕಿಗೆ ಸಂಬಂಧವೇ ಇಲ್ಲದ ಯಾರದ್ದೋ. ಹಳೆಯದರಲ್ಲಿ ನನ್ನ ಹೆಸರಿತ್ತು, ಹೊಸದರಲ್ಲಿ ಬರೀ 'ಪ್ರಿಯ ಗ್ರಾಹಕರೇ'.

"ಪ್ರಿಯ ಅಂತೆ! ನಮ್ಮೆಜಮಾನ್ರು ಇಪ್ಪತ್ತೈದು ವರ್ಷದಲ್ಲಿ ಒಂದಿನ ಅಂದಿಲ್ಲ, ನಿನ್ ಎಸ್ರೇ ಗೊತ್ತಿಲ್ದೋನು ಅಂತಾನೆ! ಪಾಸ್‌ಬುಕ್ ಮೇಲಿರೋ ನಂಬರ್‌ಗೆ ಫೋನ್ ಮಾಡು."

ಒಳಗೆ ಬೈಂಡಿಂಗ್ ಮಾಡುತ್ತಿದ್ದ ಅಂಕಲ್ ತಲೆ ಎತ್ತಲೇ ಇಲ್ಲ. ಫೋನ್ ಮಾಡಿದರೆ ಬ್ಯಾಂಕಿನವರು ಅಂಥದ್ದೇನೂ ಕಳಿಸಿಲ್ಲ ಎಂದರು. ನನಗೆ ಅಳು, ನಗು ಎರಡೂ ಒಟ್ಟಿಗೇ ಬಂತು. ಆಂಟಿ ಆ ಸುಳ್ಳು ಮೇಲನ್ನು ಲ್ಯಾಮಿನೇಟ್ ಮಾಡಿ ಗೋಡೆಗೆ ನೇತುಹಾಕಿದರು. ಅಂಗಡಿಗೆ ಬಂದವರಿಗೆಲ್ಲ ಅದರದ್ದೇ ಪಾಠ.

ಹೋದ ವರ್ಷ ಆಂಟಿ ತೀರಿಕೊಂಡರು. ಮಾತಾಡಿಸಲು ಹೋದಾಗ ಅಂಕಲ್ ಅದನ್ನು ಗೋಡೆಯಿಂದ ಬಿಚ್ಚಿ ನನ್ನ ಕೈಗಿಟ್ಟರು. "ನಿನ್ ಕತೆ ಹೇಳ್ದೆ ಅವಳಿಗೆ ದಿನಾನೇ ಹೋಗ್ತಿರ್ಲಿಲ್ಲ ಕಣಮ್ಮ. ನೀನೇ ಇಟ್ಕೋ."

ಈಗ ಅದು ಹೆಬ್ಬಾಳದ ಆಫೀಸಿನಲ್ಲಿ ನನ್ನ ಮೇಜಿನ ಮೇಲಿದೆ. 'ಅರ್ಜೆಂಟ್' ಅಂತ ಬಂದ ಮೇಲ್ ನೋಡಿ ಜೊತೆಗೆ ಕೆಲಸ ಮಾಡುವವರು ಯಾರಾದರೂ ಗಾಬರಿಯಿಂದ ಓಡಿಬಂದರೆ ಮೊದಲು ಕುರ್ಚಿ ತೋರಿಸುತ್ತೇನೆ. ಅವರೂ ನನ್ನನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಾರೆ, ಗೊತ್ತು. ಆಮೇಲೆ ಈ ಹಾಳೆ ಮುಂದಿಡುತ್ತೇನೆ. ಕಳಿಸಿದವರ ವಿಳಾಸದ ಮೇಲೆ, ಪ್ಲಾಸ್ಟಿಕ್ಕಿನ ಅಡಿಯಲ್ಲಿ, ಆಂಟಿಯ ಹೆಬ್ಬೆಟ್ಟು ಕಪ್ಪಗೆ ಹಾಗೇ ಇದೆ. ನಾನೂ ಅಲ್ಲೇ ಬೆರಳಿಟ್ಟು ತೋರಿಸುತ್ತೇನೆ.